ಮುಖದ ಕೂದಲಿಗೆ ಕೈಯಲ್ಲಿ ಹಿಡಿಯುವ ಎಲೆಕ್ಟ್ರಾಲಿಸಿಸ್ ಉಪಕರಣ: ಯಾವ ವಿನ್ಯಾಸ ಆರಿಸಬೇಕು?

ಎಲೆಕ್ಟ್ರಾಲಿಸಿಸ್ ಎಂದರೆ ಕೂದಲಿನ ಬುಡಕ್ಕೆ ಸೂಜಿ ಇಳಿಸಿ, ಕರೆಂಟು ಹರಿಸಿ, ಅದು ಮತ್ತೆ ಹುಟ್ಟದಂತೆ ಮಾಡುವ ವಿಧಾನ. ‘ಎಲೆಕ್ಟ್ರಾಲಿಸಿಸ್ ಪೆನ್’ ಅಂತ ಮೊಬೈಲಿನಲ್ಲಿ ಹುಡುಕಿದರೆ ಒಂದೇ ಹೆಸರಿನಡಿ ನಾಲ್ಕು ಜಾತಿಯ ಸಾಮಾನು ಎದುರಿಗೆ ಬರುತ್ತವೆ. ಒಂದಕ್ಕೆ ಕೂದಲೆಳೆಯಷ್ಟು ಸಣ್ಣ ಸೂಜಿ. ಒಂದಕ್ಕೆ ಚಿಮಟ. ಇನ್ನೊಂದರ ತುದಿಯಲ್ಲಿ ಚರ್ಮದ ಮೇಲೆ ಉರುಳಿಸುವ ಲೋಹದ ಗುಂಡು. ಮತ್ತೊಂದು ಕಿಡಿ ಹಾರಿಸಿ ನರುಳ್ಳೆ ಸುಡುವ ಪೆನ್ನು. ಬೆಲೆ ನೋಡಿ ಆರಿಸಲು ಹೊರಟವರಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ನಾನು ಹುಬ್ಬಳ್ಳಿಯಲ್ಲಿ ವೈದ್ಯಕೀಯ ಉಪಕರಣಗಳ ರಿಪೇರಿ ಮಾಡುವವಳು. ಗದಗ, ಹಾವೇರಿ, ರಾಣೆಬೆನ್ನೂರು ಕಡೆಯ ಹೆಣ್ಣುಮಕ್ಕಳೂ ಇಂಥವನ್ನು ಪರ್ಸಿನಲ್ಲಿ ಮುಚ್ಚಿಟ್ಟುಕೊಂಡು ತರುತ್ತಾರೆ. “ಅಕ್ಕಾರ, ಇದು ಖರೇನ ಕೆಲಸ ಮಾಡ್ತದೇನ್ರಿ?” ಎಂದು ಮೊದಲು ಕೇಳುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ದನಿ ಇಳಿಸಿ, “ಮಾರಿಗೆ ಕಲೆ ಬೀಳ್ತದೇನ್ರಿ?” ಎನ್ನುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಬಳಸುವುದಾದರೆ ಬ್ಯಾಟರಿಯಿಂದ ನಡೆಯುವ, ಚರ್ಮ ಒಣಗಿರಲಿ ಒದ್ದೆಯಿರಲಿ ಕರೆಂಟು ಏರುಪೇರಾಗದ, ಸೂಜಿ ಬದಲಾಯಿಸಲು ಬರುವ, ಹಗುರವಾದ ಹಿಡಿಕೆ ಒಂದು ಕಡೆ, ಬ್ಯಾಟರಿ, ಸರ್ಕ್ಯೂಟಿನ ಡಬ್ಬಿ ಇನ್ನೊಂದು ಕಡೆ ಇರುವ ಗ್ಯಾಲ್ವನಿಕ್ (ಡಿ.ಸಿ. ಕರೆಂಟಿನ) ಉಪಕರಣ ಆರಿಸಿ. ನೋಡಲು ಅದು ಚಂದ ಇರುವುದಿಲ್ಲ. ಮೇಜಿನ ಮೇಲೆ ವೈರು ಹರಡುತ್ತದೆ. ಆದರೂ ಎಲ್ಲ ಒಳಗೇ ಅಡಕವಾದ ನುಣುಪಾದ ಪೆನ್ನಿಗಿಂತ ಅದು ಮೇಲು. ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ತಳ್ಳಿಹಾಕಬೇಕಾದವು

1875ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಣ್ಣಿನ ವೈದ್ಯ ಚಾರ್ಲ್ಸ್ ಮಿಶೆಲ್ ಒಂದು ವಿಧಾನ ಪ್ರಕಟಿಸಿದರು. ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುವ ರೆಪ್ಪೆಗೂದಲಿನ ಬುಡಕ್ಕೆ ಸೂಜಿ ಇಳಿಸಿ, ಬ್ಯಾಟರಿಯ ಕರೆಂಟು ಹರಿಸಿ, ಕೂದಲು ಮತ್ತೆ ಹುಟ್ಟದಂತೆ ಮಾಡುವ ವಿಧಾನ ಅದು. ಇಂದಿಗೂ ತತ್ವ ಅದೇ. ಕೂದಲು ಹುಟ್ಟುವ ಗುಳಿಯೊಳಗೆ ದೇಹದ ಉಪ್ಪುನೀರಿದೆ. ಸೂಜಿ ನೆಗೆಟಿವ್ ತುದಿಯಾಗಿದ್ದರೆ ಆ ನೀರು ಒಡೆದು ಸೂಜಿಯ ಸುತ್ತ ಕಾಸ್ಟಿಕ್ ಸೋಡಾ ಹುಟ್ಟುತ್ತದೆ, ಜೊತೆಗೆ ಒಂದಿಷ್ಟು ಹೈಡ್ರೋಜನ್ ಗುಳ್ಳೆ. ಬುಡದ ಜೀವಕೋಶಗಳನ್ನು ಕೊಲ್ಲುವುದು ಈ ಕಾಸ್ಟಿಕ್.

ಇಷ್ಟು ತಿಳಿದರೆ ಚಿಮಟದ ಉಪಕರಣ ತಾನಾಗಿಯೇ ಬಿದ್ದುಹೋಗುತ್ತದೆ. ಕೂದಲು ವಿದ್ಯುತ್ತನ್ನು ಸಾಗಿಸುವ ವಸ್ತುವಲ್ಲ. ಕೂದಲನ್ನು ಚಿಮಟದಲ್ಲಿ ಹಿಡಿದು ಎಷ್ಟು ಹೊತ್ತು ಕೂತರೂ ಕರೆಂಟು ಬುಡಕ್ಕೆ ಇಳಿಯುವುದಿಲ್ಲ. ಕೊನೆಗೆ ಆಗುವುದು ಕೂದಲು ಕೀಳುವ ಕೆಲಸ ಮಾತ್ರ. ಉರುಳಿಸುವ ಗುಂಡಿನದೂ ಚರ್ಮಕ್ಕೆ ಅಂಟಿಸುವ ಜೆಲ್ ಪಟ್ಟಿಯದೂ ಅದೇ ಕಥೆ: ಕರೆಂಟು ಚರ್ಮದ ಮೇಲ್ಪದರದಲ್ಲಿ ಹರಡಿಹೋಗುತ್ತದೆ. ಕಿಡಿ ಹಾರಿಸುವ ಪೆನ್ನು ಇವೆಲ್ಲಕ್ಕಿಂತ ಕೆಟ್ಟದ್ದು. ಅದು ಮೇಲಿನ ಚರ್ಮವನ್ನು ಸುಡುತ್ತದೆ, ಕೂದಲಿನ ಬುಡ ಕೆಳಗೆ ಕ್ಷೇಮವಾಗಿರುತ್ತದೆ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಸುಟ್ಟ ಗಾಯವಾದರೆ ಆ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯಬಹುದು. ಅಂಥದ್ದನ್ನು ಮುಖದ ಹತ್ತಿರ ತರಲೇಬೇಡಿ.

ಲೇಸರ್ ಇರುವಾಗ ಈ ಸೂಜಿಯ ಗೋಜೇಕೆ ಎನ್ನುವವರಿಗೆ ಎರಡು ಮಾತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೇಸರ್ ಬಗ್ಗೆ ಒಪ್ಪುವುದು ಕೂದಲು ‘ಕಾಯಂ ಆಗಿ ಕಡಿಮೆಯಾಗುತ್ತದೆ’ ಎಂಬಷ್ಟನ್ನೇ. ಕಾಯಂ ಆಗಿ ಹೋಗುತ್ತದೆ ಎಂಬ ಮಾತು ಎಲೆಕ್ಟ್ರಾಲಿಸಿಸ್‌ಗೆ ಸಲ್ಲುತ್ತದೆ. ಎರಡನೆಯದು, ಲೇಸರ್ ಗುರಿಯಿಡುವುದು ಕೂದಲಿನ ಕಪ್ಪು ಬಣ್ಣಕ್ಕೆ. ಮುಟ್ಟು ನಿಂತ ಮೇಲೆ ಗದ್ದದ ಮೇಲೆ ಬರುವ ಬಿಳಿ ಕೂದಲಿನಲ್ಲಿ ಆ ಬಣ್ಣವೇ ಇಲ್ಲ. ಕೆಲವು ಹೆಣ್ಣುಮಕ್ಕಳಿಗೆ ಕೆನ್ನೆಯ ನವಿರು ಕೂದಲು ಲೇಸರ್ ಆದ ಮೇಲೆ ಹೆಚ್ಚಾಗುವುದೂ ಉಂಟು. ಆದರೆ ಕಾಲು, ಕೈಯಂಥ ದೊಡ್ಡ ಜಾಗಕ್ಕೆ, ದಟ್ಟ ಕಪ್ಪು ಕೂದಲಿಗೆ ಲೇಸರೇ ಸರಿ. ಸೂಜಿ ಹಿಡಿದು ಕಾಲು ಮುಗಿಸುವುದು ಆಗದ ಕೆಲಸ.

ಮೂರು ಬಗೆಯ ಕರೆಂಟು

ಸೂಜಿ ಇರುವ ಉಪಕರಣಗಳಲ್ಲೂ ಮೂರು ದಾರಿಗಳಿವೆ. ಮೇಲೆ ಹೇಳಿದ್ದು ಗ್ಯಾಲ್ವನಿಕ್: ಡಿ.ಸಿ. ಕರೆಂಟು, ಒಂದು ಕೂದಲಿಗೆ ಹಲವು ಸೆಕೆಂಡು, ಕೆಲಸ ನಿಧಾನ. ಎರಡನೆಯದು ಥರ್ಮಾಲಿಸಿಸ್, 1920ರ ದಶಕದಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಆಂರಿ ಬೋರ್ಡಿಯೆ ಎಂಬ ವೈದ್ಯರು ತಂದದ್ದು. ಇದರಲ್ಲಿ ಸಾಮಾನ್ಯವಾಗಿ 13.56 ಅಥವಾ 27.12 ಮೆಗಾಹರ್ಟ್ಸ್‌ನ ರೇಡಿಯೋ ಕರೆಂಟು ಸೂಜಿಯ ತುದಿಯ ಸುತ್ತಲ ನೀರನ್ನು ಕಾಯಿಸಿ ಬುಡವನ್ನು ಬೇಯಿಸುತ್ತದೆ. ಸೆಕೆಂಡಿಗಿಂತ ಕಡಿಮೆ ಹೊತ್ತು ಸಾಕು. ಮೂರನೆಯದು ಎರಡನ್ನೂ ಕೂಡಿಸಿದ ಬ್ಲೆಂಡ್. ಸೇಂಟ್ ಪಿಯೆರ್ ಮತ್ತು ಆರ್ಥರ್ ಹಿಂಕೆಲ್ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1948ರಲ್ಲಿ. ಬಿಸಿಯಾದ ಕಾಸ್ಟಿಕ್ ತಣ್ಣನೆಯದಕ್ಕಿಂತ ಬೇಗ ಕೆಲಸ ಮಾಡುತ್ತದೆ ಎಂಬುದೇ ಅದರ ತಿರುಳು.

ವೇಗ ನೋಡಿದರೆ ಥರ್ಮಾಲಿಸಿಸ್ ಗೆಲ್ಲುತ್ತದೆ. ಹಾಗಿದ್ದೂ ಮನೆಗೆ ನಾನು ಅದನ್ನು ಹೇಳುವುದಿಲ್ಲ. ಬಿಸಿ ಏರುವುದು ಕಣ್ಣು ಮಿಟುಕಿಸುವಷ್ಟರಲ್ಲಿ; ಸೂಜಿ ಒಂದಿಷ್ಟು ಮೇಲೆ ನಿಂತಿದ್ದರೆ ಬೇಯುವುದು ಬುಡವಲ್ಲ, ಚರ್ಮ. ಗ್ಯಾಲ್ವನಿಕ್‌ನಲ್ಲಿ ತಪ್ಪಾದರೆ ಉರಿ ಗೊತ್ತಾಗುತ್ತದೆ, ನಿಲ್ಲಿಸಲು ಸಮಯವಿರುತ್ತದೆ. ಇನ್ನೊಂದು ಕಾರಣ ಅಳತೆಯದು. ಡಿ.ಸಿ. ಕರೆಂಟನ್ನು ಯಾವ ಮಲ್ಟಿಮೀಟರಿನಲ್ಲೂ ಅಳೆಯಬಹುದು. 13.56 ಮೆಗಾಹರ್ಟ್ಸ್‌ನಲ್ಲಿ ಹಿಡಿಕೆಯ ವೈರಿನ ಉದ್ದ, ಅದು ಸುತ್ತಿಕೊಂಡಿರುವ ರೀತಿ, ಅದನ್ನು ಹಿಡಿದ ಕೈ ಎಲ್ಲವೂ ಸರ್ಕ್ಯೂಟಿನ ಭಾಗವಾಗಿಬಿಡುತ್ತವೆ. ಸೂಜಿಯ ತುದಿಗೆ ನಿಜಕ್ಕೂ ಎಷ್ಟು ತಲುಪಿತು ಎಂದು ಮನೆಯ ಮೇಜಿನ ಮೇಲೆ ಅಳೆಯಲಾಗುವುದಿಲ್ಲ. ಕೆಎಲ್‌ಇ ಟೆಕ್ ಕಡೆಯ ಎಂಜಿನಿಯರಿಂಗ್ ಹುಡುಗರು ಇದನ್ನು ಪ್ರಾಜೆಕ್ಟಾಗಿ ಮಾಡುತ್ತೇವೆಂದು ಬಂದಾಗಲೂ ನಾನು ಹೇಳುವುದು ಇಷ್ಟೇ: ಮೇಜಿನ ಮೇಲೆ ಮಾಡಿ, ಮಾಂಸದ ತುಂಡಿನ ಮೇಲೆ ನೋಡಿ, ಮನುಷ್ಯರ ಮುಖಕ್ಕೆ ಬೇಡ.

ಕರೆಂಟು ಹಿಡಿತದಲ್ಲಿದೆಯೇ?

ಉಳಿದೆಲ್ಲ ಮರೆತರೂ ಇದೊಂದನ್ನು ನೆನಪಿಡಿ, ಏಕೆಂದರೆ ಅಗ್ಗದ ಉಪಕರಣಗಳು ಎಡವುವುದು ಇಲ್ಲಿಯೇ.

ಗ್ಯಾಲ್ವನಿಕ್ ಕೆಲಸದಲ್ಲಿ ‘ಯೂನಿಟ್’ ಎಂಬ ಲೆಕ್ಕವಿದೆ. 0.1 ಮಿಲಿಆಂಪಿಯರ್ ಕರೆಂಟು 1 ಸೆಕೆಂಡು ಹರಿದರೆ ಹುಟ್ಟುವ ಕಾಸ್ಟಿಕ್ ಒಂದು ಯೂನಿಟ್. ನವಿರು ಕೂದಲಿಗೆ ಸುಮಾರು 15, ಆಳವಿಲ್ಲದ ಗಟ್ಟಿ ಕೂದಲಿಗೆ 45, ಸಾಧಾರಣ ಗಟ್ಟಿ ಕೂದಲಿಗೆ 60, ಆಳದ ದಪ್ಪ ಕೂದಲಿಗೆ 80 ಯೂನಿಟ್ ಎಂದು ಹಿಂಕೆಲ್ ಕಾಲದಿಂದ ಬಂದ ಅಂದಾಜು. 60 ಯೂನಿಟ್ ಎಂದರೆ 0.5 ಮಿಲಿಆಂಪಿಯರ್‌ನಲ್ಲಿ 12 ಸೆಕೆಂಡು. ಅಷ್ಟರಲ್ಲಿ ಹುಟ್ಟುವ ಕಾಸ್ಟಿಕ್ ತೂಕದಲ್ಲಿ ಸುಮಾರು ಎರಡೂವರೆ ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ ಎರಡೂವರೆ ಪಾಲು. ಇಷ್ಟು ಸಣ್ಣ ಪ್ರಮಾಣದಲ್ಲೇ ಬುಡ ಸಾಯುವುದೂ ಕಲೆ ಬೀಳುವುದೂ ನಿರ್ಧಾರವಾಗುತ್ತದೆ.

ಈಗ ಅಗ್ಗದ ಪೆನ್ನಿನೊಳಗೆ ನೋಡಿ. ಒಂದು 9 ವೋಲ್ಟ್ ಬ್ಯಾಟರಿ, ಅದರ ಮುಂದೆ ಕರೆಂಟನ್ನು ತಡೆಹಿಡಿಯುವ ಒಂದು ರೆಸಿಸ್ಟರು, 4.7 ಕಿಲೋಓಮ್ ಎಂದಿಟ್ಟುಕೊಳ್ಳಿ, ಅಷ್ಟೇ. ನಿಮ್ಮ ಕೈ ಚೆನ್ನಾಗಿ ಒದ್ದೆಯಾಗಿದ್ದು ದೇಹದ ದಾರಿಯ ರೋಧ (ಕರೆಂಟಿಗೆ ಅದು ಒಡ್ಡುವ ತಡೆ) 3 ಕಿಲೋಓಮ್ ಇದ್ದರೆ ಸುಮಾರು 1.2 ಮಿಲಿಆಂಪಿಯರ್ ಹರಿಯುತ್ತದೆ. ಗದಗಿನ ಬೇಸಿಗೆಯ ಒಣ ಹವೆಯಲ್ಲಿ ಅಂಗೈ ಬಿರುಸಾಗಿ ರೋಧ 40 ಕಿಲೋಓಮ್ ಆದರೆ ಅದೇ ಪೆನ್ನಿನಿಂದ ಬರುವುದು 0.2 ಮಿಲಿಆಂಪಿಯರ್. ಹತ್ತು ಸೆಕೆಂಡು ಎಣಿಸಿ ತೆಗೆದವಳಿಗೆ ಒಂದು ದಿನ ಸುಮಾರು 120 ಯೂನಿಟ್, ಇನ್ನೊಂದು ದಿನ 20 ಯೂನಿಟ್. ಮೊದಲನೆಯದರಲ್ಲಿ ನವಿರು ಕೂದಲಿನ ಜಾಗ ಗಾಯವಾಗುತ್ತದೆ. ಎರಡನೆಯದರಲ್ಲಿ ಗಟ್ಟಿ ಕೂದಲಿನ ಬುಡಕ್ಕೆ ಏನೂ ಆಗದೆ ಅದು ಮತ್ತೆ ಹುಟ್ಟುತ್ತದೆ. ಆಮೇಲೆ “ನನ್ನ ಕೈ ಸರಿ ಇಲ್ಲರೀ” ಎಂದು ಆಕೆ ತನ್ನನ್ನೇ ಬೈದುಕೊಳ್ಳುತ್ತಾಳೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಪ್ಪು ಆಕೆಯ ಕೈಯದಲ್ಲ, ಆ ರೆಸಿಸ್ಟರಿನದು.

ಇದಕ್ಕೆ ಮದ್ದು ಸ್ಥಿರ ಕರೆಂಟಿನ ಸರ್ಕ್ಯೂಟು. ಅತ್ಯಂತ ಸರಳವಾದದ್ದು ಎಲ್‌ಎಂ 334 ಎಂಬ ಮೂರು ಕಾಲಿನ ಐಸಿ, ಅಂದರೆ ಸರ್ಕ್ಯೂಟೆಲ್ಲ ಒಳಗೇ ಇರುವ ಚಿಪ್. 67.7 ಮಿಲಿವೋಲ್ಟನ್ನು ಬೇಕಾದ ಕರೆಂಟಿನಿಂದ ಭಾಗಿಸಿದರೆ ಹಾಕಬೇಕಾದ ರೆಸಿಸ್ಟರ್ ಸಿಗುತ್ತದೆ: 0.5 ಮಿಲಿಆಂಪಿಯರ್‌ಗೆ 135 ಓಮ್. ಸೆಕೆ ಏರಿದಂತೆ ಇದರ ಕರೆಂಟು ಡಿಗ್ರಿಗೆ ಮೂರನೇ ಒಂದು ಶೇಕಡಾದಷ್ಟು ಏರುತ್ತದೆ. ಚಳಿಗಾಲದ ಬೆಳಗಿನ 20 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಗೂ ಏಳು ಶೇಕಡಾ ಹತ್ತಿರದ ವ್ಯತ್ಯಾಸ. ಈ ಕೆಲಸಕ್ಕೆ ಅದು ದೊಡ್ಡದೇನಲ್ಲ. ಇನ್ನೂ ನಿಖರ ಬೇಕೆಂದರೆ ಆಪ್-ಆಂಪ್ (ವೋಲ್ಟೇಜು ಹೋಲಿಸಿ ಸರಿಪಡಿಸುವ ಐಸಿ), ಟ್ರಾನ್ಸಿಸ್ಟರು ಮತ್ತು 1 ಕಿಲೋಓಮ್ ಅಳತೆ ರೆಸಿಸ್ಟರು. ಅದರ ಮೇಲೆ 1 ವೋಲ್ಟ್ ಕಂಡರೆ 1 ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ. ಎಲ್‌ಎಂ 317 ಬಳಸಿದ ವಿನ್ಯಾಸ ಕಂಡರೆ ಬಿಡಿ. ಬ್ಯಾಟರಿ ಚಾರ್ಜರಿಗೆ ಅದು ಒಳ್ಳೆಯ ಐಸಿ, ಆದರೆ ಸರಿಯಾಗಿ ನಿಲ್ಲಲು ಅದಕ್ಕೇ ಹಲವು ಮಿಲಿಆಂಪಿಯರ್ ಬೇಕು. ಒಂದು ಮಿಲಿಆಂಪಿಯರಿಗಿಂತ ಕಡಿಮೆ ಕರೆಂಟನ್ನು ಅದು ಹಿಡಿದಿಡಲಾರದು.

ಸ್ಥಿರ ಕರೆಂಟಿನ ಸರ್ಕ್ಯೂಟೂ ವೋಲ್ಟೇಜು ಸಾಲದಾದರೆ ಸೋಲುತ್ತದೆ. 9 ವೋಲ್ಟಿನಲ್ಲಿ ಕೈ ಒದ್ದೆ ಇರಲೇಬೇಕು. ಲಿಥಿಯಂ ಸೆಲ್ಲಿನಿಂದ ಬೂಸ್ಟ್ ಮಾಡಿ 24 ವೋಲ್ಟಿಗೆ ಏರಿಸಿದ ವಿನ್ಯಾಸದಲ್ಲಿ ಆ ಕಷ್ಟ ಕಡಿಮೆ. ಆದರೆ ಏರಿಸಿದ ವೋಲ್ಟೇಜಿಗೆ ತಕ್ಕ ಕಾವಲೂ ಬೇಕು: ಸೂಜಿಗೆ ಹೋಗುವ ದಾರಿಯ ಕೊನೆಯಲ್ಲಿ, ಚಾರ್ಜು ತುಂಬಿಟ್ಟುಕೊಳ್ಳುವ ಕೆಪಾಸಿಟರ್‌ಗಳೆಲ್ಲ ಮುಗಿದ ಮೇಲೆ, 10 ಕಿಲೋಓಮ್ ರೆಸಿಸ್ಟರ್ ಒಂದು. ಒಳಗೆ ಏನೇ ಸುಟ್ಟು ಶಾರ್ಟ್ ಆದರೂ ಆಗ 2.4 ಮಿಲಿಆಂಪಿಯರಿಗಿಂತ ಹೆಚ್ಚು ಹೊರಬರುವುದಿಲ್ಲ. ಸೂಜಿ ತಾಗಿದ ಕೂಡಲೇ ‘ಚುಳ್’ ಎನ್ನುವ ಹೊಡೆತವೂ ತಪ್ಪುತ್ತದೆ. ಆರ್ಡುಯಿನೊದಂಥ ಪುಟ್ಟ ಕಂಪ್ಯೂಟರ್ ಬೋರ್ಡು ಹಾಕಿ ಯೂನಿಟ್ ತಾನೇ ಎಣಿಸಿ ನಿಲ್ಲಿಸುವ ಉಪಕರಣಗಳು ನಿಜಕ್ಕೂ ಉಪಯುಕ್ತ, ಅದರಲ್ಲೂ ಸೆಕೆಂಡು ಎಣಿಸುತ್ತ ಕನ್ನಡಿ ನೋಡುವುದು ಕಷ್ಟ ಎನ್ನುವವರಿಗೆ. ಆದರೆ ಸಾಫ್ಟ್‌ವೇರ್ ಎಷ್ಟೇ ಜಾಣವಾಗಿದ್ದರೂ ಆ ಕೊನೆಯ ರೆಸಿಸ್ಟರ್ ಇರಲೇಬೇಕು. ‘ನಿಗದಿಯಾದ ಕರೆಂಟು ಹರಿಯುತ್ತಿಲ್ಲ’ ಎಂದು ತೋರಿಸುವ ಒಂದು ಸಣ್ಣ ಕೆಂಪು ದೀಪ ಇದ್ದರಂತೂ ಪರದೆಯ ಹತ್ತು ಸೌಲಭ್ಯಕ್ಕಿಂತ ಅದು ಹೆಚ್ಚು.

ಪಾಸಿಟಿವ್ ತುದಿ ಯಾರ ಕೈಯಲ್ಲಿ?

ಸೂಜಿಯಿಂದ ಹೊರಟ ದಾರಿ ಎಲ್ಲಾದರೂ ಮರಳಿ ಸೇರಬೇಕು. ಪೆನ್ನಿನ ಮಾದರಿಯಲ್ಲಿ ಪೆನ್ನಿನ ಮೈಮೇಲೊಂದು ಲೋಹದ ಪಟ್ಟಿ ಇರುತ್ತದೆ. ಹಿಡಿದ ಬೆರಳೇ ದಾರಿ. ಒಬ್ಬಳೇ ಕೂತು ತನ್ನ ಗದ್ದದ ಕೂದಲು ತೆಗೆಯುವವಳಿಗೆ ಅದು ಸಾಕು. ಆದರೆ ನಮ್ಮ ಮನೆಗಳಲ್ಲಿ ಈ ಕೆಲಸ ಒಬ್ಬರಿಗೊಬ್ಬರು ಮಾಡಿಕೊಡುವಂಥದ್ದು. ಅಕ್ಕನಿಗೆ ತಂಗಿ, ಅತ್ತಿಗೆಗೆ ನಾದಿನಿ. ತನ್ನ ಗದ್ದದ ಕೆಳಭಾಗ ತನಗೇ ಕಾಣುವುದಿಲ್ಲವಲ್ಲ. ತಂಗಿ ಪೆನ್ನು ಹಿಡಿದು ಅಕ್ಕನ ಮುಖಕ್ಕೆ ಸೂಜಿ ಇಟ್ಟರೆ ಸರ್ಕ್ಯೂಟು ಪೂರ್ತಿಯಾಗುವುದೇ ಇಲ್ಲ. ಇನ್ನೊಂದು ಕೈಯಿಂದ ಅಕ್ಕನ ಕೆನ್ನೆ ಎಳೆದು ಹಿಡಿದಾಗ ಮಾತ್ರ ಕರೆಂಟು ಇಬ್ಬರ ಮೈಯನ್ನೂ ಹಾದು ಹರಿಯುತ್ತದೆ. ಗ್ಲೌಸ್ ಹಾಕಿದರೆ ಅದೂ ನಿಂತಿತು. ಅಂದರೆ ಆ ವಿನ್ಯಾಸವು ಶುಚಿತ್ವಕ್ಕೆ ಬೇಕಾದ ಗ್ಲೌಸನ್ನೇ ಬಿಡಿಸುತ್ತದೆ. ಇನ್ನೊಬ್ಬರ ಚರ್ಮಕ್ಕೆ ಸೂಜಿ ಇಳಿಸುವಾಗ ಗ್ಲೌಸ್ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಡಬ್ಬಿಯ ಮಾದರಿಯಲ್ಲಿ ಪಾಸಿಟಿವ್ ತುದಿ ಬೇರೆ ವೈರಿನಲ್ಲಿ ಬರುತ್ತದೆ: ಮುಷ್ಟಿಯಲ್ಲಿ ಹಿಡಿಯುವ ಲೋಹದ ಕೊಳವೆ, ಒದ್ದೆ ಸ್ಪಂಜಿನ ಪಟ್ಟಿ, ಅಥವಾ ಫಿಸಿಯೋಥೆರಪಿಯವರು ಬಳಸುವ ಅಂಟು ಪ್ಯಾಡು. ಕೂದಲು ತೆಗೆಸಿಕೊಳ್ಳುವವರೇ ಅದನ್ನು ಹಿಡಿಯುತ್ತಾರೆ, ತೆಗೆಯುವವರು ಗ್ಲೌಸ್ ಹಾಕಬಹುದು. ಮೂರರಲ್ಲಿ ನನ್ನ ಆಯ್ಕೆ ಉಪ್ಪುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿದ ಕೊಳವೆ. ಪಾಸಿಟಿವ್ ತುದಿಯ ಹತ್ತಿರ ಆಮ್ಲ ಹುಟ್ಟುತ್ತದೆ. ಅದು ಮುಷ್ಟಿಯಷ್ಟು ಅಗಲಕ್ಕೆ ಹರಡಿದರೆ ಗೊತ್ತೇ ಆಗುವುದಿಲ್ಲ, ಉಂಗುರದಷ್ಟು ಚಿಕ್ಕ ಜಾಗಕ್ಕೆ ಸೇರಿದರೆ ಚರ್ಮ ಕೆಂಪಾಗುತ್ತದೆ. ಕೊಳವೆ ಕಾಲಕ್ರಮದಲ್ಲಿ ಮಸುಕಾಗುವುದೂ ಇದರಿಂದಲೇ, ಉಜ್ಜಿ ತೊಳೆದಿಡಿ. ಅಂಟು ಪ್ಯಾಡು ಅನುಕೂಲವೇ, ಆದರೆ ಒಣಗಿದಾಗ ಅಂಚು ಏಳುತ್ತದೆ, ಕರೆಂಟೆಲ್ಲ ಉಳಿದ ಮೂಲೆಗೆ ನುಗ್ಗುತ್ತದೆ.

ಪೆನ್ನಿನ ತೂಕ, ಸೂಜಿಯ ಜಾತಿ

9 ವೋಲ್ಟಿನ ಬ್ಯಾಟರಿಯೊಂದೇ ಸುಮಾರು 40 ಗ್ರಾಂ. ಅದನ್ನು ಒಳಗಿಟ್ಟುಕೊಂಡ ಪೆನ್ನು ಬೆರಳ ತುದಿಯ ಸೂಕ್ಷ್ಮವನ್ನು ತಿಂದುಹಾಕುತ್ತದೆ. ಸೂಜಿ ಕೂದಲಿನ ಪಕ್ಕದಲ್ಲೇ, ಕೂದಲು ಹೊರಬಂದ ಕೋನದಲ್ಲೇ ಜಾರಬೇಕು. ಬುಡ ಮುಟ್ಟಿದಾಗ ಬೆರಳಿಗೆ ತಿಳಿಯುವ ತಡೆ ಬಹಳ ಸಣ್ಣದು. ರಂಗೋಲಿಯ ಎಳೆ ಬಿಡುವಾಗ ಬೆರಳು ಎಷ್ಟು ಹಗುರ ಇರಬೇಕೋ ಅಷ್ಟೇ ಹಗುರ ಇಲ್ಲಿಯೂ ಬೇಕು. ಕೆಲವೇ ಗ್ರಾಂ ತೂಗುವ, ತೆಳ್ಳಗಿನ ಮೆತ್ತನೆ ವೈರಿನ ಹಿಡಿಕೆಯಲ್ಲಿ ಅದು ಸಾಧ್ಯ. ವೈರು ಬಿರುಸಾಗಿದ್ದರೆ ಹಗುರವಾದ ಹಿಡಿಕೆಯೂ ಎಳೆದಾಡುತ್ತದೆ. ಅಂಗಡಿಯಲ್ಲಿ ವೈರನ್ನು ಬಾಗಿಸಿ ನೋಡುವುದನ್ನು ಮರೆಯಬೇಡಿ.

ಪೆನ್ನುಗಳಲ್ಲಿ ಸಾಮಾನ್ಯವಾಗಿ ಸ್ಪ್ರಿಂಗಿನ ಮೇಲೆ ಕೂತ ಗಿಡ್ಡ ತಂತಿ ಇರುತ್ತದೆ. ತಪ್ಪು ಜಾಗದಲ್ಲಿ ಒತ್ತಿದರೆ ಅದು ಒಳಗೆ ಸರಿದು ಚರ್ಮ ಚುಚ್ಚದಂತೆ ಕಾಪಾಡುತ್ತದೆ. ಹೊಸಬರಿಗೆ ಇದು ಧೈರ್ಯ ಕೊಡುವ ವಿಷಯ, ಒಳ್ಳೆಯ ಆಲೋಚನೆಯೇ. ಕೊರತೆ ಎರಡು. ತಂತಿ ಒಂದೇ ದಪ್ಪದ್ದು, ಮತ್ತು ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಬಹುದೇ ಹೊರತು ಸರಿಯಾಗಿ ಸ್ಟೆರಿಲೈಸ್ ಮಾಡುವುದು ಕಷ್ಟ. ಆದ್ದರಿಂದ ಅಂಥ ಪೆನ್ನು ಒಬ್ಬರದೇ ಆಗಿರಬೇಕು, ತಾಯಿ-ಮಗಳ ನಡುವೆಯೂ ಹಂಚಿಕೊಳ್ಳಬಾರದು. ಹೆಪಟೈಟಿಸ್ ಬಿ ಹರಡಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು.

ವೃತ್ತಿಪರರ ಹಿಡಿಕೆಗೆ ಎಫ್ ಅಥವಾ ಕೆ ಶ್ಯಾಂಕಿನ (ಶ್ಯಾಂಕ್ ಎಂದರೆ ಹಿಡಿಕೆಗೆ ಸಿಕ್ಕಿಸುವ ದಪ್ಪ ಬುಡ) ಸೂಜಿ ಬರುತ್ತದೆ, ಒಂದೊಂದೂ ಸ್ಟೆರೈಲ್ ಪೊಟ್ಟಣದಲ್ಲಿ, ಒಮ್ಮೆ ಬಳಸಿ ಬಿಸಾಡುವಂಥದ್ದು. ಎಫ್ 2 ಎಂದರೆ ಸುಮಾರು 0.05 ಮಿಲಿಮೀಟರ್ ದಪ್ಪ, ಎಫ್ 4 ಎಂದರೆ 0.1. ಕೂದಲು ಎಷ್ಟು ದಪ್ಪವೋ ಸೂಜಿಯೂ ಅಷ್ಟೇ ದಪ್ಪ ಇರಬೇಕೆಂಬುದು ಸೂತ್ರ. ತೀರ ತೆಳ್ಳಗಿನದು ಬಳಸಿದರೆ ಕರೆಂಟು ಕಡಿಮೆ ಜಾಗದಲ್ಲಿ ಕಿಕ್ಕಿರಿದು ಉರಿ ಹೆಚ್ಚು. ಇನ್ಸುಲೇಟೆಡ್ ಸೂಜಿ ಎಂದು ಹೆಚ್ಚು ಬೆಲೆಗೆ ಸಿಗುವುದನ್ನು ಗ್ಯಾಲ್ವನಿಕ್‌ಗೆ ಕೊಳ್ಳಬೇಡಿ. ಅದು ಥರ್ಮಾಲಿಸಿಸ್‌ನಲ್ಲಿ ಮೇಲಿನ ಚರ್ಮ ಕಾಯಲು ಮಾಡಿದ್ದು. ಇಲ್ಲಿ ಸೂಜಿಯ ಉದ್ದಕ್ಕೂ ಕಾಸ್ಟಿಕ್ ಹುಟ್ಟುವುದನ್ನೇ ಅದು ತಡೆಯುತ್ತದೆ. ಡಬ್ಬಿ ಯಾವ ಕಂಪನಿಯದಾದರೂ ಇರಲಿ, ಅದರ ಹಿಡಿಕೆ ಈ ಶ್ಯಾಂಕುಗಳನ್ನು ತೆಗೆದುಕೊಳ್ಳುವುದೇ ಎಂದು ಕೇಳಿ. ತನ್ನದೇ ಜಾತಿಯ ಸೂಜಿ ಮಾತ್ರ ಹಿಡಿಯುವ ಉಪಕರಣವು, ಆ ಸೂಜಿ ಮಾರುಕಟ್ಟೆಯಲ್ಲಿ ನಿಂತ ದಿನವೇ ಕಸ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಚ್ಚಿಟ್ಟು ಹತ್ತಿರದ ಆಸ್ಪತ್ರೆಗೆ ಕೊಡಿ; ಕಸದ ಗಾಡಿಯ ಪೌರಕಾರ್ಮಿಕರ ಕೈಗೆ ಅವು ಚುಚ್ಚಬಾರದು.

ಸ್ವಿಚ್ಚು ಮತ್ತು ಬ್ಯಾಟರಿ

ಸೂಜಿ ಒಳಗಿಳಿದ ಮೇಲೆ ಕರೆಂಟು ಬರಬೇಕು, ಸೂಜಿ ಹೊರಬರುವ ಮೊದಲು ನಿಲ್ಲಬೇಕು. ಈ ಕ್ರಮ ತಪ್ಪಿದರೆ ಕಾಸ್ಟಿಕ್ ಚರ್ಮದ ಬಾಯಲ್ಲೇ ಹುಟ್ಟಿ ಸಣ್ಣ ಹೊಪ್ಪಳೆ ಏಳುತ್ತದೆ. ಹಾಗಾಗಿ ಕಾಲಿನಿಂದ ಒತ್ತುವ ಸ್ವಿಚ್ಚು ಎಲ್ಲಕ್ಕಿಂತ ಒಳ್ಳೆಯದು, ಕೈ ಅಲುಗುವುದಿಲ್ಲ. ಹಿಡಿಕೆಯ ಮೇಲಿನ ಗುಂಡಿ ಒತ್ತುವಾಗ ಸೂಜಿಯೂ ಕದಲುತ್ತದೆ. ತಾಗಿದ ಕೂಡಲೇ ತಾನೇ ಶುರುವಾಗುವ ‘ಆಟೋ’ ವಿಧಾನ ಮನೆ ಬಳಕೆಯ ಹಲವು ಪೆನ್ನುಗಳಲ್ಲಿದೆ. ಅದನ್ನು ಕೊಳ್ಳುವುದಾದರೆ ಕರೆಂಟು ಒಂದು ಸೆಕೆಂಡಿನಲ್ಲಿ ನಿಧಾನವಾಗಿ ಏರುವಂತಿದೆಯೇ ಎಂದು ನೋಡಿ.

ಬ್ಯಾಟರಿಯ ವಿಷಯ ಚಿಕ್ಕದು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಕೊಂಡೇ ಬಳಸುವ ಉಪಕರಣ ಬೇಡ, ಚಾರ್ಜಿಗಿಟ್ಟಾಗ ಕೆಲಸ ಮಾಡದಂತೆ ಸರ್ಕ್ಯೂಟೇ ತಡೆಯುವುದು ಬೇಕು. ಬ್ಯಾಟರಿ ಬೇಗ ಮುಗಿಸುವುದು ಸೂಜಿಯ ಕರೆಂಟಲ್ಲ, ಪೆನ್ನಿಗೇ ಅಂಟಿಸಿದ ಎಲ್‌ಇಡಿ. ದೀಪ ಮತ್ತು ಭೂತಗನ್ನಡಿಯನ್ನು ಬೇರೆಯೇ ಸ್ಟ್ಯಾಂಡಿನಲ್ಲಿಡಿ. ಬೆಳಕು ಓರೆಯಾಗಿ ಬಿದ್ದರೆ ಕೂದಲು ಯಾವ ಕಡೆ ವಾಲಿದೆ ಎಂಬುದೂ ಚೆನ್ನಾಗಿ ಕಾಣುತ್ತದೆ.

ಯಾರಿಗೆ ಯಾವುದು

ಗದ್ದದ ಮೇಲೆ ಹತ್ತಿಪ್ಪತ್ತು ಗಟ್ಟಿ ಕೂದಲಿದ್ದು, ಯಾರಿಗೂ ಹೇಳಲು ಇಷ್ಟವಿಲ್ಲದೆ ಒಬ್ಬರೇ ಮಾಡಿಕೊಳ್ಳುವವರಿಗೆ ಸ್ಥಿರ ಕರೆಂಟಿರುವ ಸ್ಪ್ರಿಂಗ್ ಪೆನ್ನು ಸಾಕು. ಇಬ್ಬರು ಒಬ್ಬರಿಗೊಬ್ಬರು ಮಾಡಿಕೊಳ್ಳುವುದಾದರೆ ಡಬ್ಬಿಯ ಮಾದರಿಯೇ ಬೇಕು, ಒಬ್ಬೊಬ್ಬರಿಗೆ ಬೇರೆ ಸೂಜಿ. ಗದಗಿನಿಂದ, ಹಾವೇರಿಯಿಂದ ಪ್ರತಿ ಸಲ ಬಸ್ಸು ಹತ್ತಿ ಹುಬ್ಬಳ್ಳಿಯ ಕ್ಲಿನಿಕ್ಕಿಗೆ ಬರುವುದು ಸಾಧ್ಯವಿಲ್ಲದವರಿಗೆ ಈ ಮಾದರಿ ದೊಡ್ಡ ಆಸರೆ. 200 ಕೂದಲಿಗೆ ತಲಾ ಅರ್ಧ ನಿಮಿಷ ಹಿಡಿದರೂ ನೂರು ನಿಮಿಷ. ಅದನ್ನು ಒಂದೇ ದಿನ ಮುಗಿಸಬೇಡಿ. ಪಕ್ಕಪಕ್ಕದ ಎರಡು ಕೂದಲನ್ನು ಒಂದೇ ದಿನ ತೆಗೆಯಬೇಡಿ.

ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವ ಅಕ್ಕಂದಿರೂ ಕೇಳಿಕೊಂಡು ಬರುತ್ತಾರೆ. ಗಡ್ಡದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕೂದಲಿರುತ್ತವೆ. ಅರ್ಧ ನಿಮಿಷದ ಲೆಕ್ಕದಲ್ಲಿ ಒಂದು ಸುತ್ತಿಗೇ ಎಂಬತ್ತು ಗಂಟೆ ಮೀರುತ್ತದೆ. ಕಪ್ಪು ಗಡ್ಡಕ್ಕೆ ಮೊದಲು ಚರ್ಮವೈದ್ಯರ ಬಳಿ ನಮ್ಮ ಚರ್ಮಕ್ಕೆ ಹೊಂದುವ 1064 ನ್ಯಾನೋಮೀಟರಿನ ಲೇಸರ್, ಉಳಿದದ್ದಕ್ಕೆ ನುರಿತವರ ಕೈಯಲ್ಲಿ ಬ್ಲೆಂಡ್, ಕೊನೆಗೆ ಅಲ್ಲೊಂದು ಇಲ್ಲೊಂದು ಉಳಿದವಕ್ಕೆ ಮನೆಯ ಗ್ಯಾಲ್ವನಿಕ್ ಎಂಬ ಕ್ರಮ ನನಗೆ ಸರಿ ಕಾಣುತ್ತದೆ. ಬ್ಯೂಟಿ ಪಾರ್ಲರ್ ನಡೆಸುವವರು ಮಾತ್ರ ಮನೆ ಬಳಕೆಯ ಪೆನ್ನನ್ನು ಗಿರಾಕಿಗಳ ಮೇಲೆ ಬಳಸಬಾರದು, ತರಬೇತಿ ಇಲ್ಲದೆ ಯಾವುದನ್ನೂ ಬಳಸಬಾರದು.

ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಬಸುರಿಯರು, ಗಾಯ ಆದಲ್ಲೆಲ್ಲ ಗಂಟುಗಟ್ಟಿ ಉಬ್ಬುವ ಚರ್ಮದವರು ಇವುಗಳಲ್ಲಿ ಯಾವುದನ್ನೂ ಕೊಳ್ಳಬೇಡಿ. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಮಚ್ಚೆಯ ಮೇಲಿನ ಕೂದಲಿಗೆ ಸೂಜಿ ಹಾಕಬೇಡಿ. ಕೆಲವೇ ತಿಂಗಳಲ್ಲಿ ಕೂದಲು ದಟ್ಟವಾಗಿದ್ದರೆ, ಮುಟ್ಟು ಏರುಪೇರಾಗಿದ್ದರೆ, ದನಿ ದಪ್ಪವಾಗಿದ್ದರೆ ಉಪಕರಣಕ್ಕೆ ದುಡ್ಡು ಹಾಕುವ ಮೊದಲು ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಯಲ್ಲೋ ಧಾರವಾಡ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಲ್ಲೋ ತೋರಿಸಿ. ಪಿಸಿಒಎಸ್‌ನಂಥ (ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ) ಕಾರಣ ಒಳಗೆ ಉಳಿದಿದ್ದರೆ ತೆಗೆದಷ್ಟೂ ಹೊಸ ಕೂದಲು ಬರುತ್ತಲೇ ಇರುತ್ತವೆ.

ಯಾವುದೇ ಉಪಕರಣ ತಂದರೂ ಥ್ರೆಡ್ಡಿಂಗ್, ವ್ಯಾಕ್ಸಿಂಗ್ ನಿಲ್ಲಿಸಿ. ಕಿತ್ತ ಕೂದಲಿನ ಬುಡಕ್ಕೆ ಸೂಜಿ ದಾರಿ ಕಾಣುವುದಿಲ್ಲ, ಪದೇಪದೇ ಕಿತ್ತರೆ ಗುಳಿಯೇ ಸೊಟ್ಟಗಾಗುತ್ತದೆ. ಎರಡು ಮೂರು ದಿನ ಮೊದಲು ಕತ್ತರಿಸಿ ಅಥವಾ ಶೇವ್ ಮಾಡಿದರೆ ಅಷ್ಟರಲ್ಲಿ ತಲೆಯೆತ್ತುವವು ಬೆಳೆಯುವ ಹಂತದ ಕೂದಲು. ಕಾಸ್ಟಿಕ್ ಚೆನ್ನಾಗಿ ನಾಟುವುದು ಅವುಗಳ ಬುಡಕ್ಕೇ. ಸಾಕಷ್ಟು ಯೂನಿಟ್ ಸಿಕ್ಕಿದ ಕೂದಲು ಚಿಮಟದಲ್ಲಿ ಎತ್ತಿದಾಗ ಎಳೆತವೇ ಇಲ್ಲದೆ ಜಾರಿ ಬರುತ್ತದೆ. ಕಿತ್ತ ಹಾಗೆ ಅನಿಸಿದರೆ ಸೂಜಿ ಬುಡಕ್ಕೆ ಹೋಗಿಲ್ಲ ಅಥವಾ ಯೂನಿಟ್ ಸಾಲದು.

ಕೊಳ್ಳುವಾಗ ಮಾಡಬೇಕಾದ ಪರೀಕ್ಷೆ

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಡಬ್ಬಿಯ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ ಇಲ್ಲದ್ದನ್ನು ಬಿಡಿ. ಇದ್ದರೂ ಎರಡು ಪರೀಕ್ಷೆ ಮಾಡಿ. ಎರಡಕ್ಕೂ ಸೇರಿ ಐದು ನಿಮಿಷ ಬೇಕು, ಬೀದಿಯ ಟಿವಿ ರಿಪೇರಿಯವರೂ ಮಾಡಿಕೊಡುತ್ತಾರೆ.

ಮೊದಲನೆಯದಕ್ಕೆ ಮಲ್ಟಿಮೀಟರ್ ಮತ್ತು ಎರಡು ರೆಸಿಸ್ಟರ್ ಸಾಕು. ಉಪಕರಣವನ್ನು 0.5 ಮಿಲಿಆಂಪಿಯರ್‌ಗೆ ಇಟ್ಟು, ಸೂಜಿಗೂ ಕೊಳವೆಗೂ ನಡುವೆ 1 ಕಿಲೋಓಮ್ ಜೋಡಿಸಿ ಕರೆಂಟು ಓದಿ. ಆಮೇಲೆ ಅದನ್ನು ತೆಗೆದು 10 ಕಿಲೋಓಮ್ ಹಾಕಿ ಮತ್ತೆ ಓದಿ. ಎರಡೂ ಹೆಚ್ಚುಕಡಿಮೆ ಒಂದೇ ಬಂದರೆ ಒಳಗೆ ಸ್ಥಿರ ಕರೆಂಟಿನ ಸರ್ಕ್ಯೂಟಿದೆ. ಎರಡನೆಯದು ಗಣನೀಯವಾಗಿ ಕುಸಿದರೆ ಒಳಗಿರುವುದು ಬರೀ ರೆಸಿಸ್ಟರು.

ಎರಡನೆಯದಕ್ಕೆ ಒಂದು ಲೋಟ ಉಪ್ಪುನೀರು ಬೇಕು. ಕೊಳವೆಯ ವೈರಿನ ತುದಿಯನ್ನೂ ಸೂಜಿಯನ್ನೂ ಒಂದಕ್ಕೊಂದು ತಾಗದಂತೆ ಅದರಲ್ಲಿ ಅದ್ದಿ 1 ಮಿಲಿಆಂಪಿಯರ್ ಹರಿಸಿ, ಭೂತಗನ್ನಡಿಯಲ್ಲಿ ಸೂಜಿಯನ್ನು ನೋಡಿ. ಸೂಜಿಯಿಂದ ನವಿರಾದ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದು ಲೋಹ ಹೊಳಪಾಗಿಯೇ ಇದ್ದರೆ ಸೂಜಿ ನೆಗೆಟಿವ್ ಇದೆ, ಸರಿ ಇದೆ. ಗುಳ್ಳೆ ಏಳದೆ ಸೂಜಿ ಕಂದುಗಟ್ಟಿದರೆ ತುದಿಗಳು ಅದಲುಬದಲಾಗಿವೆ; ಅಂಥದ್ದನ್ನು ಚರ್ಮಕ್ಕೆ ಇಳಿಸಿದರೆ ಸೂಜಿಯ ಕಬ್ಬಿಣವೇ ಕರಗಿ ಹಚ್ಚೆಯಂತೆ ಕಪ್ಪು ಚುಕ್ಕಿಯಾಗಿ ಒಳಗೆ ಉಳಿಯುತ್ತದೆ. ಪರೀಕ್ಷೆಗೆ ಬಳಸಿದ ಸೂಜಿಯನ್ನು ಬಿಸಾಡಿ, ಹೊಸದು ಹಾಕಿ. ಈ ಎರಡರಲ್ಲಿ ಒಂದರಲ್ಲಿ ಸೋತರೂ ಬಿಲ್ಲಿನ ಸಮೇತ ಅಂದೇ ಹಿಂದಿರುಗಿಸಿ.